ಘಾಟಿಯಲ್ಲಿ ಎಳೆಯದ ಕಾರು: ಟರ್ಬೊ ಬದಲಿಸುವ ಮೊದಲು ನಾನು ನೋಡಿದ್ದು

ಅಪ್ಪಯ್ಯನನ್ನು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತೀರ್ಥಹಳ್ಳಿ ಕಡೆಯ ನಮಗೆ ಆಗುಂಬೆ ಘಾಟಿಯೇ ದಾರಿ. ಇಳಿಯುವಾಗ ಏನೂ ತೊಂದರೆಯಿಲ್ಲ. ವಾಪಸು ಬರುವಾಗ, ಸೋಮೇಶ್ವರ ದಾಟಿ ಆ 14 ತಿರುವು ಹತ್ತುವಾಗ ಗೊತ್ತಾಗುತ್ತದೆ ಗಾಡಿಯ ತಾಕತ್ತು. ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ 2013ರ ಮಾಡೆಲ್ ಸಣ್ಣ ಡೀಸೆಲ್ ಕಾರು ಅಲ್ಲೇ ಕೈಕೊಟ್ಟಿತು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೂ ಆರ್‌ಪಿಎಂ ಮುಳ್ಳು 2000 ದಾಟಲು ಒದ್ದಾಡುತ್ತಿತ್ತು, ಹಿಂದೆ ಕಪ್ಪು ಹೊಗೆ. "ಎಂತದಾ ಇದು, ಎಳೀತಾನೇ ಇಲ್ವಲ್ಲ ಮಾರಾಯ" ಅಂದರು ಅಪ್ಪಯ್ಯ. ತಿರುವಿನಲ್ಲಿ ಹಿಂದಿದ್ದ ಮಿನಿಬಸ್ಸಿನವನು ಹಾರ್ನ್ ಒತ್ತುತ್ತಲೇ ಇದ್ದ. ಪಕ್ಕದಲ್ಲಿ ಹುಷಾರಿಲ್ಲದ ಅಪ್ಪಯ್ಯನನ್ನು ಕೂರಿಸಿಕೊಂಡು ಅವತ್ತು ನನಗಾದ ಭಯ ಇನ್ನೂ ಮರೆತಿಲ್ಲ.

ತೆಗೆದುಕೊಳ್ಳುವ ಮೊದಲು ಶಿವಮೊಗ್ಗದಿಂದ ಗಾಜನೂರಿನವರೆಗೆ ಓಡಿಸಿ ನೋಡಿದ್ದೆ. ಏನೂ ದೋಷ ಕಂಡಿರಲಿಲ್ಲ. ಕಾಣುವಂತೆಯೂ ಇರಲಿಲ್ಲ ಎಂದು ಈಗ ಗೊತ್ತು. ಸಮತಟ್ಟು ರಸ್ತೆಯಲ್ಲಿ 60ರ ವೇಗದಲ್ಲಿ ಹೋಗಲು ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ, ಹೆಚ್ಚು ಕೆಲಸ ಮಾಡಬೇಕಾಗಿಯೇ ಇಲ್ಲ. ಹೊರೆ ಬಿದ್ದಾಗ ಮಾತ್ರ ಅದರ ಒತ್ತಡ ಬೇಕು. ಮಲೆನಾಡಿನಲ್ಲಿ ಡೀಸೆಲ್ ಕಾರು ನೋಡಲು ಹೋಗುವವರು ನಾಲ್ಕು ಜನರನ್ನು ಕೂರಿಸಿಕೊಂಡು ಒಂದು ಏರು ಹತ್ತಿಸಿಯೇ ನೋಡಬೇಕು.

ಒಂದು ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, 38,000 ರೂಪಾಯಿ ಆಗುತ್ತದೆ ಅಂದರು. ಇನ್ನೊಬ್ಬರು, ಘಾಟಿಯಲ್ಲಿ ಗಾಳಿ ತೆಳು, ಡೀಸೆಲ್ ಗಾಡಿ ಹಾಗೇ ಅಂದರು. ಎರಡೂ ಒಪ್ಪಿಗೆಯಾಗಲಿಲ್ಲ. ಆಗುಂಬೆ ಇರುವುದು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿ. ಅಷ್ಟು ಎತ್ತರಕ್ಕೆ ಗಾಳಿಯ ಒತ್ತಡ ಕಡಿಮೆಯಾಗುವುದು ನೂರಕ್ಕೆ ಏಳೆಂಟು ಪಾಲು. ಸರಿಯಿರುವ ಟರ್ಬೊ ಅದನ್ನು ತುಂಬಿಕೊಡುತ್ತದೆ. ತೋಟದ ಪಂಪು, ಟಿಲ್ಲರ್ ಎಲ್ಲ ನಾನೇ ಬಿಚ್ಚಿ ಜೋಡಿಸುವವನು. ಇದನ್ನೂ ನಾನೇ ನೋಡುತ್ತೇನೆಂದು ಕೂತೆ.

ಮೊದಲು ನೋಡಿದ್ದು, ದೋಷ ಎಂಜಿನ್ನಿನದೇ ಹೌದೋ ಅಂತ. ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಒಮ್ಮೆಲೇ ತುಳಿದೆ. ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ ಎಂದರ್ಥ. ಹಾಗಾಗಲಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಯಾವುದೂ ಅತಿಯಾಗಿ ಕಾದಿರಲಿಲ್ಲ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಬ್ರೇಕ್ ಕಚ್ಚಿಕೊಂಡು ಜನ ಎಂಜಿನ್ನನ್ನು ಬೈಯುವುದು ನಮ್ಮೂರಲ್ಲಿ ಹೊಸದಲ್ಲ.

ಆಮೇಲೆ ಏರ್ ಫಿಲ್ಟರ್ ಡಬ್ಬಿ ತೆರೆದೆ. ಒಳಗೆ ಇಲಿ ಗೂಡು! ಅಡಿಕೆ ಸಿಪ್ಪೆಯ ನಾರು, ಹತ್ತಿ, ಹರಿದ ಕಾಗದ. ಇದೇ ಕಾರಣ ಎಂದು ಖುಷಿಯಾಯಿತು. ಎಲ್ಲ ತೆಗೆದು ಹೊಸ ಫಿಲ್ಟರ್ ಹಾಕಿದೆ. ಡೀಸೆಲ್ ಫಿಲ್ಟರಿನ ನೀರು ಇಳಿಸಿ ಅದನ್ನೂ ಬದಲಿಸಿದೆ. ಸ್ವಲ್ಪ ಹಗುರಾದ ಹಾಗೆ ಅನಿಸಿತು, ಆದರೆ ಮೇಗರವಳ್ಳಿ ಕಡೆಯ ಒಂದು ಏರಿನಲ್ಲಿ ಮತ್ತೆ ಅದೇ ಕಥೆ.

ಇಲ್ಲಿಂದ ಮುಂದೆ ಊಹೆ ಬೇಡ ಎಂದು ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲೇ ಅಂಕಿ ಬರುತ್ತದೆ. ಕೀ ಹಾಕಿ ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು, ಏನು ತೋರಿಸುತ್ತದೆ ನೋಡಿದೆ. 95 ಕಿಲೋಪಾಸ್ಕಲ್. ನಮ್ಮೂರ ಎತ್ತರಕ್ಕೆ ಹೊಂದುವ ಅಂಕಿಯೇ, ಹಾಗಾಗಿ ಸೆನ್ಸರನ್ನು ನಂಬಬಹುದು. ತಮ್ಮನ ಕೈಗೆ ಮೊಬೈಲ್ ಕೊಟ್ಟು, ಖಾಲಿ ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತುಳಿದೆ. ಇಂಥ ಎಂಜಿನ್ ಆಗ 200ರ ಆಸುಪಾಸು ತೋರಿಸಬೇಕು. ತಮ್ಮ ಓದಿದ್ದು 118. ಇಂಜೆಕ್ಟರುಗಳಿಗೆ ಡೀಸೆಲ್ ಕೊಡುವ ಪೈಪಿನ (ಕಾಮನ್ ರೈಲ್) ಒತ್ತಡ ಮಾತ್ರ ತುಳಿದ ಹಾಗೆ ಏರುತ್ತಿತ್ತು, ನಡುವೆ ಕುಸಿಯಲಿಲ್ಲ. ಡೀಸೆಲ್ ಬರುತ್ತಿದೆ, ಗಾಳಿ ಬರುತ್ತಿಲ್ಲ. ಕಪ್ಪು ಹೊಗೆಗೂ ಅದೇ ಕಾರಣ.

ಸ್ಕ್ಯಾನರಿನಲ್ಲಿ ಪಿ0299 ಎಂಬ ಕೋಡ್ ಕೂಡ ಸಿಕ್ಕಿತು. ಇದರ ಅರ್ಥ ಟರ್ಬೊ ಒತ್ತಡ ಸಾಲುತ್ತಿಲ್ಲ ಅಂತ, ಟರ್ಬೊ ಸತ್ತಿದೆ ಅಂತ ಅಲ್ಲ. ಈ ಎರಡನ್ನು ಒಂದೇ ಎಂದುಕೊಂಡರೆ 38,000 ರೂಪಾಯಿ ಹೋಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಟರ್ಬೊ ಬಾಯಿಯ ಪೈಪ್ ಬಿಚ್ಚಿ ಬೆರಳಿನಿಂದ ರೆಕ್ಕೆ ತಿರುಗಿಸಿದೆ. ಸಲೀಸಾಗಿ ತಿರುಗಿತು. ಅಕ್ಕಪಕ್ಕ ಕೂದಲೆಳೆಯಷ್ಟು ಆಟ ಇತ್ತು, ಅದು ಇರುವಂಥದ್ದೇ. ಹಿಂದೆ ಮುಂದೆ ಆಟ ಇರಲಿಲ್ಲ, ರೆಕ್ಕೆ ಎಲ್ಲೂ ಉಜ್ಜಿರಲಿಲ್ಲ.

ಹಾಗಾದರೆ ಟರ್ಬೊ ತಳ್ಳಿದ ಗಾಳಿ ದಾರಿಯಲ್ಲಿ ಸೋರುತ್ತಿರಬೇಕು. ಎಂಜಿನ್ ಆನ್ ಮಾಡಿ ಸೋಪಿನ ನೀರು ಸುರಿದರೆ ಗುಳ್ಳೆ ಬರುವುದಿಲ್ಲ, ಏಕೆಂದರೆ ನಿಂತ ಗಾಡಿಯಲ್ಲಿ ಒತ್ತಡವೇ ಇರುವುದಿಲ್ಲ. ಒಳಗೆ ನಾವೇ ಒತ್ತಡ ತುಂಬಬೇಕು. ತೋಟದ ನೀರಾವರಿಗೆ ತಂದಿದ್ದ ಪಿವಿಸಿ ಎಂಡ್ ಕ್ಯಾಪ್ ಒಂದಕ್ಕೆ ತೂತು ಕೊರೆದು, ಪಂಕ್ಚರ್ ಅಂಗಡಿಯಿಂದ ಟ್ಯೂಬ್‌ಲೆಸ್ ಟೈರಿನ ವಾಲ್ವ್ ತಂದು ಕೂರಿಸಿದೆ. ಅದನ್ನು ಟರ್ಬೊ ಬಾಯಿಯ ಪೈಪಿಗೆ ಕ್ಲಿಪ್ ಹಾಕಿ ಬಿಗಿದು ಪಂಪಿನಿಂದ ಗಾಳಿ ಹೊಡೆದೆ. 10 ಪಿಎಸ್‌ಐ ಸಾಕು, ಅದಕ್ಕಿಂತ ಹೆಚ್ಚು ಬೇಡ. ಎಂಜಿನ್ನಿನಿಂದ ಈ ಪೈಪಿಗೆ ಬರುವ ಬ್ರೀದರ್ ಹೋಸನ್ನು ಮೊದಲು ಬಿಚ್ಚಿ ಆ ಕಿಂಡಿ ಮುಚ್ಚಲೇಬೇಕು. ಇಲ್ಲದಿದ್ದರೆ ಗಾಳಿ ಎಂಜಿನ್ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲುಗಳನ್ನು ತಳ್ಳುತ್ತದೆ.

ಎಂಜಿನ್ನಿನೊಳಗೆ ತೆರೆದಿರುವ ವಾಲ್ವುಗಳ ಮೂಲಕ ಸ್ವಲ್ಪ ಗಾಳಿ ಹೇಗೂ ಹೋಗುತ್ತದೆ, ಆ ಮೆಲ್ಲನೆಯ ಸದ್ದಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ನನಗೆ ಕೇಳಿಸಿದ್ದು ಕೆಳಗಿನಿಂದ ಬುಸ್ ಎನ್ನುವ ಜೋರು ಸದ್ದು. ಟಾರ್ಚ್ ಹಿಡಿದು ಅಡಿಗೆ ನುಸುಳಿದೆ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಂದರೆ ಬಿಸಿಯಾದ ಗಾಳಿಯನ್ನು ತಣಿಸುವ ಭಾಗಕ್ಕೆ, ಹೋಗುವ ರಬ್ಬರ್ ಹೋಸಿನ ತಳಭಾಗದಲ್ಲಿ ಎಣ್ಣೆಗೆ ಕೆಂಪು ಮಣ್ಣು ಹತ್ತಿ ಒದ್ದೆ ಕೆಸರಾಗಿತ್ತು, ಸುತ್ತಲಿನ ಮಣ್ಣೆಲ್ಲ ಒಣಗಿತ್ತು. ಒರೆಸಿ ಹಿಚುಕಿದಾಗ ಎರಡು ಇಂಚಿನ ಸೀಳು ಬಾಯಿ ತೆರೆಯಿತು. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು, ಮೇಲಿನಿಂದ ನೋಡಿದವರಿಗೆ ಹೋಸ್ ಹೊಸದರಂತೆ ಕಾಣುತ್ತಿತ್ತು. ಗ್ಯಾರೇಜಿನಲ್ಲಿ ಯಾರೂ ಇದನ್ನು ಮುಟ್ಟಿ ನೋಡಿರಲಿಲ್ಲ ಎಂದು ಬೇಸರವಾಯಿತು.

ಟೇಪ್ ಸುತ್ತಿ ನೋಡಿದೆ, ಎಣ್ಣೆ ಜಿಡ್ಡಿಗೆ ಎರಡೇ ದಿನಕ್ಕೆ ಬಿಟ್ಟಿತು. ಹೊಸ ಹೋಸಿಗೆ 1,850 ರೂಪಾಯಿ. ಹಾಕುವ ಮೊದಲು ಸೀಳಿದ್ದೇಕೆ ಎಂದು ಹುಡುಕಿದೆ. ಹೋಸ್ ಹಿಡಿದಿಡುವ ಬ್ರಾಕೆಟ್ಟಿಗೆ ಬೋಲ್ಟೇ ಇರಲಿಲ್ಲ. ಏರಿನಲ್ಲಿ ಎಂಜಿನ್ ಅಲುಗಿದಾಗಲೆಲ್ಲ ಹೋಸ್ ತಗಡಿನ ಮೂಲೆಗೆ ಉಜ್ಜುತ್ತಿತ್ತು. ಬೋಲ್ಟ್ ಹಾಕಿ, ಮೂಲೆಗೆ ಹಳೆ ಟ್ಯೂಬಿನ ತುಂಡು ಕೊಟ್ಟು, ಪೈಪಿನ ತುದಿಗಳನ್ನು ಜಿಡ್ಡಿಲ್ಲದಂತೆ ಒರೆಸಿ ಕ್ಲಿಪ್ ಬಿಗಿದೆ. ಜಿಡ್ಡು ಉಳಿದರೆ ಒತ್ತಡಕ್ಕೆ ಹೋಸ್ ಜಾರಿ ಕಳಚುತ್ತದೆ.

ಅದೇ ಏರು, ಅದೇ ಗೇರು, ತಮ್ಮ ಓದಿದ ಅಂಕಿ 207. ಮುಂದಿನ ತಿಂಗಳು ಸೋಮೇಶ್ವರದಿಂದ ಮೇಲೆ ಬಂದಾಗ ಎಲ್ಲೂ ಮೊದಲನೇ ಗೇರಿಗೆ ಇಳಿಸಬೇಕಾಗಲಿಲ್ಲ. ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದ್ದದ್ದು ಈಗ 18 ಕೊಡುತ್ತಿದೆ. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಡಿಗೆ ನುಸುಳಿ ನೋಡಿದೆ. ಹೋಸ್ ಒಣಗಿತ್ತು. ಒಂದು ಕ್ಲಿಪ್ ಮಾತ್ರ ಅರ್ಧ ಸುತ್ತು ಬಿಗಿಯಾಯಿತು.