ಮೊಸರನ್ನಕ್ಕೆ ಕೆಂಪು ತಟ್ಟೆ, ಮುದ್ದೆಗೆ ಬಿಳಿ ತಟ್ಟೆ

ನಮ್ಮ ವೃದ್ಧಾಶ್ರಮದಲ್ಲಿ ಮರೆವಿನ ಕಾಯಿಲೆಯ ಒಬ್ಬ ಮೇಷ್ಟ್ರಿದ್ದಾರೆ. ಹೋದ ತಿಂಗಳು ಅವರ ತೂಕ 44 ಕೆಜಿ ಬಂತು. ಒಂದೂವರೆ ವರ್ಷದ ಹಿಂದೆ 38ಕ್ಕೆ ಇಳಿದಿತ್ತು. ಹಲ್ಲಿನ ಸೆಟ್ಟೂ ಸರಿ ಮಾಡಿಸಿದೆವು, ಅದರ ಪಾಲೂ ಇದೆ. ಆದರೆ ಮುಖ್ಯವಾಗಿ ಬದಲಾದದ್ದು ತಟ್ಟೆ. "ತಟ್ಟೆ ಬಣ್ಣ ಬದಲಾಯಿಸಿದ್ರೆ ಹೊಟ್ಟೆ ತುಂಬುತ್ತಾ?" ಅಂದವರೇ ಈಗ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಅದಕ್ಕೇ ಒಂದೇ ಸಲ ಪೂರ್ತಿ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಸಣ್ಣ ವೃದ್ಧಾಶ್ರಮದ ಅಡುಗೆಯವನು. ಅದಕ್ಕೆ ಮೊದಲು 22 ವರ್ಷ ಮದುವೆ ಅಡುಗೆ. ಇಲ್ಲಿರುವ 14 ಜನರಲ್ಲಿ 9 ಜನಕ್ಕೆ ಮರೆವಿನ ಕಾಯಿಲೆ. ಅಂಥವರಿಗೆ ಉಣಿಸುವುದು ಕಷ್ಟ, ಊಟ ಮುಂದಿದ್ದರೂ ಸುಮ್ಮನೆ ಕೂತುಬಿಡುತ್ತಾರೆ.

ಮೇಷ್ಟ್ರು ರಾತ್ರಿ ಮೊಸರನ್ನದ ಮುಂದೆ ಸುಮ್ಮನೆ ಕೂರುತ್ತಿದ್ದರು. ಉಪ್ಪಿನಕಾಯಿ ಹೋಳು, ಒಗ್ಗರಣೆಯ ಕರಿಬೇವು, ಇಷ್ಟನ್ನೇ ಆರಿಸಿ ತಿನ್ನುತ್ತಿದ್ದರು. ಅವರಿಗೆ ಅನ್ನ ಬೇಡವಾಗಿದೆ ಅಂತ ಎಲ್ಲರೂ ತಿಳಿದಿದ್ದೆವು. ಯುಗಾದಿ ದಿನ ಎಲೆ ಹಾಕಿ ಬಡಿಸಿದೆ. ಎಲೆ ಮೇಲಿನ ಅನ್ನವನ್ನು ಒಂದಗುಳು ಬಿಡದೆ ಉಂಡರು. "ಹಬ್ಬದೂಟ ಅಲ್ವಾ, ಅದಕ್ಕೆ" ಅಂದರು ನಮ್ಮ ಸಿಸ್ಟರ್. ಮರುದಿನ ಅದೇ ಎಲೆ ಮೇಲೆ ಬರೀ ಮೊಸರನ್ನ ಹಾಕಿ ಕೊಟ್ಟೆ. ಉಂಡರು. ಮೂರನೇ ದಿನ ಸ್ಟೀಲ್ ತಟ್ಟೆ. ಮತ್ತೆ ಕರಿಬೇವು ಮಾತ್ರ.

ಆಗ ನನಗೆ ಹೊಳೆಯಿತು. ಅವರಿಗೆ ಅನ್ನ ಕಾಣುತ್ತಲೇ ಇರಲಿಲ್ಲ. ಹೊಳೆಯುವ ತಟ್ಟೆ, ಅದರಲ್ಲಿ ಟ್ಯೂಬ್‌ಲೈಟ್ ಬೆಳಕು, ಅದರ ಮೇಲೆ ಬೆಳ್ಳಗಿನ ಮೊಸರನ್ನ. ತಟ್ಟೆ ಎಲ್ಲಿ ಮುಗಿಯಿತು, ಅನ್ನ ಎಲ್ಲಿ ಶುರುವಾಯಿತು ಅಂತ ಆ ಕಣ್ಣಿಗೆ ತಿಳಿಯದು.

ಹಾಗಾದರೆ ದಿನಾ ಎಲೆ ಹಾಕಬಹುದಲ್ಲ ಅನ್ನುತ್ತೀರಿ. ಎಲೆಗೆ ಆಗ ನಾಲ್ಕು ರೂಪಾಯಿ. 9 ಜನಕ್ಕೆ ಎರಡು ಹೊತ್ತು ಅಂದರೆ ತಿಂಗಳಿಗೆ ಎರಡು ಸಾವಿರದ ಮೇಲೆ. ಹಬ್ಬ ಬಂದರೆ ಅದು ದುಪ್ಪಟ್ಟು. ಸಾರು ಹರಿದು ಬಟ್ಟೆಯೆಲ್ಲ ಒದ್ದೆ. ಒಬ್ಬ ಅಜ್ಜಿ ಎಲೆಯನ್ನೇ ಹರಿದು ಬಾಯಿಗೆ ಹಾಕಿಕೊಂಡರು. ಅವತ್ತು ಎಲೆ ನಿಲ್ಲಿಸಿದೆ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಹಳೇ ಸ್ಟೀಲ್ ತಟ್ಟೆಗಳಿಗೆ ಕೆಂಪು ಬಣ್ಣ ಹೊಡೆಸಿದೆ. ಸುಮಾರು 1,800 ರೂಪಾಯಿ ಹೋಯಿತು. ಬಡಿಸುವ ಮೊದಲು ಬಿಸಿ ಸಾರು ಹಾಕಿ ನೋಡಿದೆ, ಬಣ್ಣ ಎದ್ದು ಬಂತು. ಎಲ್ಲವನ್ನೂ ಗುಜರಿಗೆ ಹಾಕಿದೆ. ಊಟದ ತಟ್ಟೆಗೆ ಯಾರೂ ಪೇಂಟ್ ಹಚ್ಚಬೇಡಿ. ಎರಡನೇ ಸಲ ಅಗ್ಗದ ಕೆಂಪು ಪ್ಲಾಸ್ಟಿಕ್ ತಟ್ಟೆ ತಂದೆ, ಒಂದು ಡಜನ್, 700 ಚಿಲ್ಲರೆ. ನಡುವೆ ಹೂವಿನ ಚಿತ್ರ ಇತ್ತು. ಮೇಷ್ಟ್ರು ಊಟದ ಹೊತ್ತೆಲ್ಲ ಆ ಹೂವನ್ನೇ ಉಗುರಿನಿಂದ ಕೀಳುತ್ತಿದ್ದರು. ನೋಡಿ ಹೊಟ್ಟೆ ಉರಿಯಿತು.

ಇನ್ನೂ ತಟ್ಟೆಗೆ ದುಡ್ಡು ಕೇಳಿದರೆ ಆಶ್ರಮದವರು ಕೊಡಲಿಲ್ಲ. ನನ್ನ ಕೈಯಿಂದಲೇ ಹಾಕಿದೆ. ದೇವರಾಜ ಮಾರುಕಟ್ಟೆ ಸುತ್ತಮುತ್ತ ಎರಡು ದಿನ ತಿರುಗಿ, ಚಿತ್ರವಿಲ್ಲದ, ಅಂಚು ಎತ್ತರ ಇರುವ ಕೆಂಪು ಮೆಲಮೈನ್ (ಗಟ್ಟಿ ಪ್ಲಾಸ್ಟಿಕ್) ತಟ್ಟೆ ತಂದೆ. ತಟ್ಟೆಗೆ 150ರ ಆಸುಪಾಸು. ಬಟ್ಟಲು, ಲೋಟವೂ ಅದೇ ಬಣ್ಣ. ಎಲ್ಲ ಸೇರಿ ಒಂಬತ್ತು ಸಾವಿರ ಮುಟ್ಟಿತು.

ಮೂರು ವಾರ ಸ್ಟೀಲ್, ಮೂರು ವಾರ ಕೆಂಪು. ಪ್ರತಿ ರಾತ್ರಿ ಉಳಿದ ಅನ್ನವನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ನೆನಪಿನಿಂದ ಹೇಳುತ್ತೇನೆ: ಒಬ್ಬೊಬ್ಬರಿಗೆ ಬಡಿಸಿದ 300 ಗ್ರಾಮಿನಲ್ಲಿ ಸ್ಟೀಲ್ ತಟ್ಟೆಯಲ್ಲಿ 130-140 ಉಳಿಯುತ್ತಿತ್ತು. ಕೆಂಪಿನಲ್ಲಿ 60ರ ಒಳಗೆ. ಮಜ್ಜಿಗೆ ಇನ್ನೂ ಚೆನ್ನಾಗಿ ಹೋಯಿತು, ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದವರು ನಾಲ್ಕಕ್ಕೆ ಬಂದರು. 9ರಲ್ಲಿ 7 ಜನಕ್ಕೆ ಗುಣ ಕಂಡಿತು. ಒಬ್ಬರಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಇನ್ನೊಬ್ಬರಿಗೆ ನುಂಗುವುದೇ ತೊಂದರೆ ಆಗಿತ್ತು, ಅದು ಡಾಕ್ಟರ ಕೆಲಸ.

ನಾನೇ ಮೊದಲು ಕಂಡುಹಿಡಿದೆ ಅಂದುಕೊಂಡಿದ್ದೆ. ಆಮೇಲೆ ಮಗ ಹುಡುಕಿ ತೋರಿಸಿದ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲೇ ಇದನ್ನು ಪ್ರಕಟಿಸಿದ್ದಾರೆ. ಅಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ತುಂಬಾ ಮುಂದುವರಿದ 9 ಜನರಿಗೆ ಬಿಳಿ ತಟ್ಟೆ ಬದಲು ಗಾಢ ಕೆಂಪು ತಟ್ಟೆ ಕೊಟ್ಟಾಗ ಊಟ ಶೇ. 25, ಕುಡಿಯುವುದು ಶೇ. 84 ಜಾಸ್ತಿ ಆಯಿತಂತೆ. ಗಾಢ ನೀಲಿಯೂ ಕೆಲಸ ಮಾಡಿತು, ತೆಳು ಕೆಂಪು, ತೆಳು ನೀಲಿ ಮಾಡಲಿಲ್ಲ. ಅಂದರೆ ಗುಟ್ಟು ಕೆಂಪಿನಲ್ಲಿಲ್ಲ, ಊಟಕ್ಕೂ ತಟ್ಟೆಗೂ ಇರುವ ಬಣ್ಣದ ವ್ಯತ್ಯಾಸದಲ್ಲಿದೆ. ನನ್ನ ತಕ್ಕಡಿಯ ಲೆಕ್ಕವೂ ಅದೇ ದಿಕ್ಕಿಗೆ ಬಂದಿದ್ದು ನನಗೆ ಹೆಮ್ಮೆ.

ಆದರೆ ಅವರು ನಮ್ಮ ಊಟ ನೋಡಿಲ್ಲ! ಕೆಂಪು ತಟ್ಟೆಗೆ ಬೀಟ್‌ರೂಟ್ ಪಲ್ಯ ಹಾಕಿದ ದಿನ ಎಲ್ಲರೂ ಪಲ್ಯ ಬಿಟ್ಟರು. ರಾಗಿಮುದ್ದೆಯೂ ಅಷ್ಟೇ, ಆ ಕಂದು ಬಣ್ಣ ಕೆಂಪಿನಲ್ಲಿ ಮುಳುಗಿಹೋಯಿತು. ಅದಕ್ಕೆ ಈಗ ಎರಡು ಸೆಟ್ ಇಟ್ಟಿದ್ದೇನೆ. ಅನ್ನ, ಇಡ್ಲಿ, ಉಪ್ಪಿಟ್ಟಿಗೆ ಕೆಂಪು. ಮುದ್ದೆ, ಬಸ್ಸಾರು, ಬೀಟ್‌ರೂಟಿಗೆ ಬಿಳಿ. ಕಡುನೀಲಿಯನ್ನೂ ನೋಡಿದೆ. ಬಾಸ್ಟನ್ನಿನಲ್ಲಿ ನಡೆದದ್ದು ಇಲ್ಲಿ ನಡೆಯಲಿಲ್ಲ. ಒಬ್ಬ ಅಜ್ಜಿ "ಇದರಲ್ಲಿ ಗುಂಡಿ ಇದೆ" ಅಂತ ಕೈ ಹಿಂದೆಗೆದರು. ವಯಸ್ಸಾದ ಕಣ್ಣಿಗೆ ಕಡುನೀಲಿ ಕಪ್ಪಾಗಿ ಕಾಣಬಹುದು. ಮೇಜಿನ ಮೇಲಿದ್ದ ಚೌಕಳಿ ಹಾಸನ್ನೂ ತೆಗೆದೆ. ಬಡಿಸುವ ಕ್ರಮದಲ್ಲಿ ನನ್ನದೊಂದು ಕೈಚಳಕ ಇದೆ, ಮೊದಲ ತುತ್ತು ಅವರೇ ಎತ್ತುವ ಹಾಗೆ ಮಾಡುವುದು. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಪಕ್ಕದಲ್ಲಿ ನಿಂತು ನೋಡಿದರೆ ಹೇಳಿಕೊಡುತ್ತೇನೆ.

ಈ ಸುದ್ದಿ ಕೇಳಿ ನಮ್ಮ ಬೀದಿಯ ಒಬ್ಬ ತಾಯಿ ಬಂದರು. ಮಗನಿಗೆ ಏಳು ವರ್ಷ, ಆಟಿಸಂ. ಬಿಳಿ ಬಣ್ಣದ್ದು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಕೆಂಪು ತಟ್ಟೆ ಕೊಟ್ಟೆ, ಎತ್ತಿ ಎಸೆದ. ಅವನಿಗೆ ಕಾಣದೆ ಹೋಗಿರಲಿಲ್ಲ, ನಿನ್ನೆ ಇದ್ದಂತೆಯೇ ಇವತ್ತೂ ಇರಬೇಕಿತ್ತು. ಇದು ಆಗ ನನಗೆ ಅರ್ಥವಾಗಲಿಲ್ಲ. ಇಡ್ಲಿ ಹಿಟ್ಟಿಗೆ ಬೀಟ್‌ರೂಟ್ ರಸ ಹನಿಹನಿಯಾಗಿ ಏರಿಸುತ್ತಾ ಹೋದೆ. ಗುಲಾಬಿ ಬಣ್ಣ ಗೊತ್ತಾದ ದಿನ ಅವನು ಇಡ್ಲಿಯನ್ನೇ ಬಿಟ್ಟ. ಆರು ದಿನ ಬಿಟ್ಟ. ಆ ತಾಯಿಯ ಮುಖ ನೆನೆದರೆ ಇವತ್ತಿಗೂ ಸಂಕಟ ಆಗುತ್ತದೆ. ಕದ್ದು ಬೆರೆಸುವುದನ್ನು ಬಿಟ್ಟೆ. ಅವನ ಹಳೇ ತಟ್ಟೆಯೇ ಇರಲಿ, ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಒಂದು ತುಂಡು ಕ್ಯಾರೆಟ್ ಇಡಿ, ತಿನ್ನು ಅಂತ ಹೇಳಬೇಡಿ ಅಂದೆ. ಎರಡು ತಿಂಗಳಿಗೆ ಮುಟ್ಟಿ ಮೂಸಿ ನೋಡಿದ. ಈಗ ತೆಳು ಹಳದಿಯ ಹೆಸರುಬೇಳೆ ಇಡ್ಲಿ ತಿನ್ನುತ್ತಾನೆ.

ಕೊನೆಗೆ ಉಳಿದದ್ದು ನಮ್ಮ ಮಡಿ ಅಜ್ಜಿ. ಮೆಲಮೈನ್ ಮುಟ್ಟುವುದೇ ಇಲ್ಲ ಅಂದರು. ಅವರಿಗೆ ಹೋಟೆಲಿನವರು ದೋಸೆಗೆ ಮಾಡುವ ಹಾಗೆ ಮಾಡಿದೆ. ಬಾಳೆ ಎಲೆಯನ್ನು ದುಂಡಗೆ ಕತ್ತರಿಸಿ ಅವರ ಸ್ಟೀಲ್ ತಟ್ಟೆಯೊಳಗೆ ಹಾಸಿದೆ. ಒಂದು ಎಲೆಯಲ್ಲಿ ಮೂರು ತುಂಡು ಬರುತ್ತವೆ, ಸಾರೂ ಹೊರಗೆ ಹರಿಯುವುದಿಲ್ಲ. ಅಜ್ಜಿಗೆ ಮಕ್ಕಳ ಹೆಸರು ನೆನಪಿಲ್ಲ. ಆದರೆ ಊಟ ಮುಗಿದ ಮೇಲೆ ಆ ದುಂಡು ಎಲೆಯನ್ನು ಸರಿಯಾಗಿ ತಮ್ಮ ಕಡೆಗೆ ಮಡಚುತ್ತಾರೆ. ಅದು ಮಡಚುವವರೆಗೂ ತಟ್ಟೆ ಎತ್ತಬೇಡಿ ಅಂತ ಆಯಾಗಳಿಗೆ ಹೇಳಿದ್ದೇನೆ.