ಕಲ್ಲಿದ್ದಲಿನ ಷೇರು ಕೊಳ್ಳುವ ಮುನ್ನ ‘ಶುದ್ಧ ಕಲ್ಲಿದ್ದಲು’ ಎಂಬ ಮಾತನ್ನು ತೂಗಿನೋಡುವ ಬಗೆ

ಕಲ್ಲಿದ್ದಲು ಕಂಪನಿಯೊಂದರ ವಾರ್ಷಿಕ ವರದಿಯಲ್ಲಿ ‘ಶುದ್ಧ ಕಲ್ಲಿದ್ದಲು ತಂತ್ರಜ್ಞಾನ’ ಎಂಬ ಮಾತು ಕಂಡಾಗ, ಇಲ್ಲಿ ಶುದ್ಧವಾಗುತ್ತಿರುವುದು ಏನು ಮತ್ತು ಅದರ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ವಿಚಾರಿಸಬೇಕು. ಅಗೆದ ಕಲ್ಲಿದ್ದಲನ್ನು ತೊಳೆದು ಬೂದಿಯ ಅಂಶವನ್ನು ತಗ್ಗಿಸುವುದು, ಹೊಗೆಯಲ್ಲಿರುವ ಗಂಧಕದ ಡೈಆಕ್ಸೈಡನ್ನು ಸುಣ್ಣದಕಲ್ಲಿನ ನೆರವಿನಿಂದ ಹೀರಿ ಜಿಪ್ಸಂ ಆಗಿ ಮಾರ್ಪಡಿಸುವುದು, ಹಾರುಬೂದಿಯನ್ನು ವಿದ್ಯುದಾವೇಶವಿರುವ ತಟ್ಟೆಗಳ ಮೇಲೆ ಹಿಡಿಯುವುದು, ಇವೆಲ್ಲವೂ ಈ ಒಂದೇ ಹೆಸರಿನಡಿ ಬರುತ್ತವೆ. ಇವು ದಶಕಗಳಿಂದ ಬಳಕೆಯಲ್ಲಿರುವ, ನಂಬಬಹುದಾದ ವಿಧಾನಗಳು. ಸ್ಥಾವರದ ಸುತ್ತ ಬದುಕುವವರ ಶ್ವಾಸಕೋಶಗಳಿಗೆ ಇವುಗಳಿಂದ ದೊಡ್ಡ ಉಪಕಾರವಾಗಿದೆ. ಆದರೆ ಹೂಡಿಕೆಯ ಭವಿಷ್ಯವನ್ನು ಹೆಚ್ಚಾಗಿ ನಿರ್ಧರಿಸುತ್ತಿರುವ ಇಂಗಾಲದ ಡೈಆಕ್ಸೈಡ್ ಇವುಗಳಿಂದ ಕಡಿಮೆಯಾಗುವುದಿಲ್ಲ.

ಎರಡನೆಯ ಬಗೆಯದು ದಕ್ಷತೆಯ ಸುಧಾರಣೆ. 374 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 221 ಬಾರ್ ಒತ್ತಡವನ್ನು ದಾಟಿದ ಮೇಲೆ ನೀರು, ಆವಿ ಎಂಬ ಭೇದ ಉಳಿಯುವುದಿಲ್ಲ; ಆ ಸ್ಥಿತಿಯಲ್ಲಿ ನಡೆಯುವ ಸೂಪರ್‌ಕ್ರಿಟಿಕಲ್ ಸ್ಥಾವರಗಳಲ್ಲಿ ಅತ್ಯುತ್ತಮವಾದವು ಇಂಧನದ ಶಕ್ತಿಯಲ್ಲಿ ಸುಮಾರು ಶೇ. 45ರಷ್ಟನ್ನು ವಿದ್ಯುತ್ತಾಗಿಸುತ್ತವೆ, ಹಳೆಯ ಸ್ಥಾವರಗಳದ್ದು ಮೂರನೇ ಒಂದು ಭಾಗದ ಆಸುಪಾಸು. ಗಣಿ ಕಂಪನಿಯ ಷೇರು ಕೊಳ್ಳುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ದಕ್ಷ ಸ್ಥಾವರವು ಅಷ್ಟೇ ವಿದ್ಯುತ್ತಿಗೆ ಕಡಿಮೆ ಕಲ್ಲಿದ್ದಲನ್ನು ಕೊಳ್ಳುತ್ತದೆ.

ನಿಜವಾದ ಪರೀಕ್ಷೆ ಇರುವುದು ಮೂರನೆಯ ಬಗೆಯಲ್ಲಿ, ಅಂದರೆ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ನೆಲದಾಳಕ್ಕೆ ಸೇರಿಸುವ ಪ್ರಯತ್ನದಲ್ಲಿ. ಒಂದು ಟನ್ ಇಂಗಾಲ ಪೂರ್ತಿ ಉರಿದರೆ ಸುಮಾರು 3.67 ಟನ್ ಅನಿಲವಾಗುತ್ತದೆ. ತಂದ ಇಂಧನಕ್ಕಿಂತ ಹೆಚ್ಚು ತೂಕದ ಅನಿಲವನ್ನು ಹಿಡಿದು, ಒತ್ತಿ, ಸಾಗಿಸಬೇಕು; ಅದಕ್ಕೆ ಬೇಕಾದ ಶಾಖವನ್ನೂ ವಿದ್ಯುತ್ತನ್ನೂ ಸಾಮಾನ್ಯವಾಗಿ ಅದೇ ಸ್ಥಾವರ ಒದಗಿಸಬೇಕು. ಈ ಲೆಕ್ಕ ಎಷ್ಟು ಕಠಿಣವೆಂಬುದನ್ನು ಅಮೆರಿಕದ ಮಿಸಿಸಿಪಿ ರಾಜ್ಯದ ಕೆಂಪರ್ ಯೋಜನೆ ತೋರಿಸಿಕೊಟ್ಟಿತು. ಕಂದು ಕಲ್ಲಿದ್ದಲನ್ನು ಅನಿಲವಾಗಿಸಿ, ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ ಉರಿಸಬೇಕೆಂದಿದ್ದ ಆ ಸ್ಥಾವರದ ಅಂದಾಜು ಮೊದಲಿಗೆ 300 ಕೋಟಿ ಡಾಲರಿಗೂ ಕಡಿಮೆಯಿತ್ತು. 2017ರಲ್ಲಿ ಕಲ್ಲಿದ್ದಲಿನ ಭಾಗವನ್ನು ಕೈಬಿಟ್ಟು ನೈಸರ್ಗಿಕ ಅನಿಲಕ್ಕೆ ಶರಣಾಗುವ ಹೊತ್ತಿಗೆ ವೆಚ್ಚ ಸುಮಾರು 750 ಕೋಟಿ ಡಾಲರ್ ಮುಟ್ಟಿತ್ತು. ನಷ್ಟದ ಬಹುಪಾಲನ್ನು ಹೊತ್ತವರು ಮಾಲೀಕ ಕಂಪನಿಯ ಷೇರುದಾರರು. ಟೆಕ್ಸಾಸ್‌ನ ಪೆಟ್ರಾ ನೋವಾ ಘಟಕದಲ್ಲಿ ಯಂತ್ರಗಳು ಕೆಲಸ ಮಾಡಿದವು, ಆದರೆ ಹಿಡಿದ ಅನಿಲವನ್ನು ಹಳೆಯ ತೈಲಬಾವಿಗಳಿಗೆ ಒತ್ತಿ ಹೆಚ್ಚು ತೈಲ ತೆಗೆಯುವುದೇ ಅದರ ಆದಾಯದ ಮೂಲವಾಗಿತ್ತು. 2020ರಲ್ಲಿ ತೈಲದ ಬೆಲೆ ಕುಸಿದಾಗ ನಿಂತುಹೋಗಿ 2023ರಲ್ಲಿ ಮತ್ತೆ ಆರಂಭವಾಯಿತು. ಕೆನಡಾದ ಬೌಂಡರಿ ಡ್ಯಾಮ್ ಸ್ಥಾವರವು ವರ್ಷಕ್ಕೆ 10 ಲಕ್ಷ ಟನ್ ಹಿಡಿಯುವ ಗುರಿಯೊಂದಿಗೆ 2014ರಲ್ಲಿ ಶುರುವಾಯಿತಾದರೂ ಗುರಿಗಿಂತ ಕಡಿಮೆ ಹಿಡಿದ ವರ್ಷಗಳೇ ಹೆಚ್ಚು.

ಆದ್ದರಿಂದ ಇಂಥ ಹೊಸ ಯೋಜನೆಯ ಸುದ್ದಿ ಬಂದಾಗ, ಘೋಷಿತ ಸಾಮರ್ಥ್ಯವನ್ನು ಬದಿಗಿಟ್ಟು, ವರ್ಷದಲ್ಲಿ ನಿಜವಾಗಿ ಹಿಡಿದದ್ದೆಷ್ಟು, ಅದಕ್ಕಾಗಿ ಸ್ಥಾವರ ಕಳೆದುಕೊಂಡ ವಿದ್ಯುತ್ತೆಷ್ಟು, ಹಿಡಿದ ಅನಿಲಕ್ಕೆ ಹಣ ಕೊಡುವವರು ಯಾರು ಎಂಬುದನ್ನು ಹುಡುಕಬೇಕು. ಅಮೆರಿಕದಲ್ಲಿ 2022ರ ಕಾನೂನು ನೆಲದಾಳದಲ್ಲಿ ಶಾಶ್ವತವಾಗಿ ಸೇರಿಸಿದ ಪ್ರತಿ ಟನ್ನಿಗೆ 85 ಡಾಲರುಗಳವರೆಗೆ ತೆರಿಗೆ ರಿಯಾಯಿತಿ ಕೊಟ್ಟಿದೆ. ಆದರೆ ಅದು ಸಲ್ಲುವುದು ಅನಿಲ ಹಿಡಿಯುವ ಉಪಕರಣದ ಒಡೆಯನಿಗೆ. ಕಲ್ಲಿದ್ದಲು ಅಗೆದು ಮಾರಿದವನಿಗಲ್ಲ. ತಂತ್ರಜ್ಞಾನ ಗೆದ್ದರೆ ಗಣಿಯ ಷೇರು ತಾನಾಗಿ ಏರುತ್ತದೆ ಎಂಬ ನಂಬಿಕೆ ಇಲ್ಲಿಯೇ ಸಡಿಲವಾಗುತ್ತದೆ.

ಬಳಿಕ ಕಂಪನಿ ಮಾರುವ ಕಲ್ಲಿದ್ದಲು ಯಾವುದೆಂದು ವಿಂಗಡಿಸಬೇಕು. ವಿದ್ಯುತ್ತಿಗೆ ಉರಿಸುವ ಕಲ್ಲಿದ್ದಲು ಸೌರ, ಪವನ ಶಕ್ತಿ ಮತ್ತು ಅನಿಲದೊಡನೆ ನೇರವಾಗಿ ಸ್ಪರ್ಧಿಸುತ್ತದೆ. ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಗೆ ಹೋಗುವ ಕೋಕಿಂಗ್ ಕಲ್ಲಿದ್ದಲಿನ ಕೆಲಸ ಶಾಖ ಕೊಡುವುದಷ್ಟೇ ಅಲ್ಲ, ಅದಿರಿನಿಂದ ಆಮ್ಲಜನಕವನ್ನು ತೆಗೆಯುವುದೂ ಹೌದು; ಸ್ವೀಡನ್ನಿನಲ್ಲಿ 2021ರಲ್ಲಿ ಕಲ್ಲಿದ್ದಲಿನ ಬದಲು ಜಲಜನಕ ಬಳಸಿ ಮಾಡಿದ ಉಕ್ಕು ಗ್ರಾಹಕರ ಕೈ ಸೇರಿದ್ದರೂ, ಜಗತ್ತಿನ ಹೆಚ್ಚಿನ ಉಕ್ಕು ಇಂದಿಗೂ ಊದುಕುಲುಮೆಯ ದಾರಿಯಲ್ಲಿಯೇ ತಯಾರಾಗುತ್ತಿದೆ. ಎರಡಕ್ಕೂ ಒಂದೇ ಆಯುಷ್ಯವನ್ನು ಊಹಿಸುವುದು ತಪ್ಪಾಗುತ್ತದೆ.

ಬೇಡಿಕೆಯ ಚಿತ್ರವೂ ಒಂದೇ ದಿಕ್ಕಿನದಲ್ಲ. ಬ್ರಿಟನ್ ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದೇ ವರ್ಷ ಜಗತ್ತಿನ ಒಟ್ಟು ಬಳಕೆ 850 ಕೋಟಿ ಟನ್ನಿಗೂ ಮಿಗಿಲಾಗಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ ಪಾಲು. ಹೂಡಿಕೆದಾರರು ಹಿಂದೆ ಸರಿದಷ್ಟೂ ಹೊಸ ಗಣಿಗಳು ಕಡಿಮೆಯಾಗಿ ಬೆಲೆ ಜಿಗಿಯುವುದುಂಟು. ಕಲ್ಲಿದ್ದಲು ಷೇರುಗಳಿಗೆಂದೇ ಇದ್ದ ವ್ಯಾನ್‌ಎಕ್ ಸಂಸ್ಥೆಯ ಇಟಿಎಫ್ (ಷೇರುಪೇಟೆಯಲ್ಲೇ ಕೊಂಡು ಮಾರಬಹುದಾದ ನಿಧಿ) 2020ರ ಡಿಸೆಂಬರಿನಲ್ಲಿ ಮುಚ್ಚಿತು. ಆ ವರ್ಷ ಟನ್ನಿಗೆ 50 ಡಾಲರ್ ಆಸುಪಾಸಿಗೆ ಇಳಿದಿದ್ದ ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರಿನ ಕಲ್ಲಿದ್ದಲು ಬೆಲೆ 2022ರಲ್ಲಿ 400 ಡಾಲರನ್ನು ಮೀರಿತು.

ಇಂಥ ಏರಿಳಿತದಲ್ಲಿ ಕಂಪನಿಯನ್ನು ಮುಳುಗಿಸುವುದು ಸಾಲ. 2011ರಲ್ಲಿ ಬೆಲೆ ಎತ್ತರದಲ್ಲಿದ್ದಾಗ ಅಮೆರಿಕದ ಮೂರು ಕಲ್ಲಿದ್ದಲು ಕಂಪನಿಗಳಲ್ಲಿ ಪೀಬಾಡಿಯು ಮಕಾರ್ಥರ್ ಕೋಲ್ ಕಂಪನಿಯನ್ನೂ, ಆಲ್ಫಾ ಕಂಪನಿಯು ಮ್ಯಾಸಿ ಕಂಪನಿಯನ್ನೂ, ಆರ್ಚ್ ಕಂಪನಿಯು ಇಂಟರ್‌ನ್ಯಾಷನಲ್ ಕೋಲ್ ಗ್ರೂಪನ್ನೂ ಕೊಂಡವು. ಆಲ್ಫಾ 2015ರಲ್ಲಿ, ಉಳಿದೆರಡು 2016ರಲ್ಲಿ ದಿವಾಳಿ ರಕ್ಷಣೆ ಕೋರಿದವು, ಹಳೆಯ ಷೇರುಗಳು ಬೆಲೆಯಿಲ್ಲದ ಕಾಗದಗಳಾದವು. ಆದ್ದರಿಂದ ಆಸ್ತಿ-ಹೊಣೆ ಪಟ್ಟಿಯಲ್ಲಿ ಸಾಲದ ಜೊತೆಗೆ ಗಣಿಯನ್ನು ಮುಚ್ಚಿ ನೆಲವನ್ನು ಸರಿಪಡಿಸುವ ವೆಚ್ಚಕ್ಕೆ ತೆಗೆದಿಟ್ಟ ಮೊತ್ತವನ್ನೂ ನೋಡಬೇಕು. ಆ ಮೊತ್ತ ತೀರ ಚಿಕ್ಕದಾಗಿದ್ದರೆ ಇಂದು ಹಂಚುತ್ತಿರುವ ಲಾಭಾಂಶದಲ್ಲಿ ಒಂದಂಶ ನಾಳೆಯ ಹೊಣೆಯಿಂದಲೇ ಬಂದಿರಬಹುದು. ಬೆಲೆ ಶಿಖರದಲ್ಲಿದ್ದಾಗ ಗಳಿಕೆ ಉಬ್ಬಿ ಷೇರು ಅಗ್ಗವೆನಿಸುತ್ತದೆ. ಆಗಲೇ ಹೆಚ್ಚಿನ ಎಚ್ಚರ ಬೇಕು.

ಕೊನೆಯ ಲೆಕ್ಕವನ್ನು ಕೈಯಾರೆ ಮಾಡಿಕೊಳ್ಳಬಹುದು. ಕಂಪನಿ ಒಂದು ಟನ್ ಅಗೆದು ಬಂದರಿಗೆ ತಲುಪಿಸುವ ವೆಚ್ಚವನ್ನು ಬರೆದುಕೊಂಡು, ಅದನ್ನು ಕಳೆದ ಹತ್ತು ವರ್ಷಗಳ ಅತಿ ಕಡಿಮೆ ಬೆಲೆಯೊಡನೆ ಹೋಲಿಸಬೇಕು; ಆ ಬೆಲೆಯಲ್ಲಿ ಎಷ್ಟು ವರ್ಷ ಸಾಲದ ಬಡ್ಡಿ ಕಟ್ಟಬಲ್ಲದೆಂದು ನೋಡಬೇಕು. ಇಂಗಾಲ ಹಿಡಿಯುವ ತಂತ್ರಜ್ಞಾನದಿಂದ ಬರಬಹುದಾದ ಲಾಭದ ಸಾಲಿನಲ್ಲಿ ಸೊನ್ನೆ ಬರೆಯಬೇಕು. ಆ ಸೊನ್ನೆಯಿದ್ದೂ ಇಂದಿನ ಷೇರು ಬೆಲೆ ಸಮಂಜಸವೆನಿಸಿದರೆ ಮಾತ್ರ ಕೊಳ್ಳುವ ವಿಚಾರ ಮಾಡಬಹುದು.