ಮೂರನೇ ಸಿಲಿಂಡರ್‌ನ ಪ್ಲಗ್ ಥ್ರೆಡ್ ಸರಿಪಡಿಸಿದ ಬಗೆ

ನಾಲ್ಕು ಸಿಲಿಂಡರ್‌ಗಳ ನನ್ನ ಪೆಟ್ರೋಲ್ ಕಾರಿನ ಎಂಜಿನ್‌ನಿಂದ ಕೆಲವು ದಿನಗಳಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿತ್ತು. ಮೂರನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ ಎತ್ತಿ ನೋಡಿದಾಗ, ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯ ತುಂಬ ಮಸಿ ಹಿಡಿದಿತ್ತು. ಪ್ಲಗ್ ಯಾವ ಬಿಗಿಯೂ ಇಲ್ಲದೆ ತಿರುಗಿ ಹೊರಬಂತು. ಅದರ ಥ್ರೆಡ್‌ಗೆ (ತಿರುಪಿನ ಸುತ್ತುಗಳಿಗೆ) ಅಲ್ಯೂಮಿನಿಯಂನ ಸುರುಳಿಯೊಂದು ಅಂಟಿಕೊಂಡಿತ್ತು.

ಹಿಂದಿನ ಸಲ ಪ್ಲಗ್ ಬದಲಿಸಿದವನು ನಾನೇ ಆದ್ದರಿಂದ ಕಾರಣವನ್ನು ದೂರ ಹುಡುಕಬೇಕಾಗಿರಲಿಲ್ಲ. ಥ್ರೆಡ್‌ಗೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್ ಬಳಸದೆ ಕೈಯಂದಾಜಿನಲ್ಲಿ ಬಿಗಿ ಮಾಡಿದ್ದೆ. ಪೇಸ್ಟ್ ಇದ್ದಾಗ ಘರ್ಷಣೆ ಕಡಿಮೆಯಾಗುವುದರಿಂದ ಅಷ್ಟೇ ಬಲಕ್ಕೆ ಥ್ರೆಡ್‌ನ ಮೇಲೆ ಬೀಳುವ ಎಳೆತ ಹೆಚ್ಚಾಗುತ್ತದೆ, ಮತ್ತು ಉಕ್ಕಿನ ಪ್ಲಗ್‌ಗೂ ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್‌ಗೂ ನಡುವೆ ಸೋಲುವುದು ಯಾವಾಗಲೂ ಮೆದುವಾದ ಹೆಡ್‌ನ ಥ್ರೆಡ್ಡೇ.

ಥ್ರೆಡ್ ಬರೀ ಬಾಗಿದ್ದರೆ ಥ್ರೆಡ್ ನೇರ್ಪಡಿಸುವ ಚೇಸರ್ ಎಂಬ ಉಪಕರಣ ಹಾಯಿಸಿ ನೇರ ಮಾಡಬಹುದಿತ್ತು. ಆದರೆ ಇಲ್ಲಿ ಲೋಹವೇ ಕಿತ್ತು ಬಂದಿತ್ತು, ಕೆಳಗಿನ ಮೂರು ನಾಲ್ಕು ಸುತ್ತುಗಳು ಮಾತ್ರ ಉಳಿದಿದ್ದವು. ಆಗ ಉಳಿಯುವ ದಾರಿ ಎರಡು: ರಂಧ್ರದೊಳಗೆ ಕೂರಿಸುವ ತಂತಿಯ ಸುರುಳಿಯಂಥ ಇನ್ಸರ್ಟ್, ಅಥವಾ ಒಳಗೂ ಹೊರಗೂ ಥ್ರೆಡ್ ಇರುವ ಗಟ್ಟಿ ಲೋಹದ ಕೊಳವೆಯಾದ ಬುಷ್. ಸುರುಳಿ ಅಗ್ಗ, ಮತ್ತು ಎಷ್ಟೋ ಬೋಲ್ಟ್ ರಂಧ್ರಗಳಿಗೆ ಅದು ಸಾಕು. ಆದರೆ ಮುಂದೆ ಪ್ಲಗ್ ಬಿಚ್ಚುವಾಗ ಅದರ ಜೊತೆಗೇ ಸುರುಳಿಯೂ ಬಿಚ್ಚಿಕೊಂಡು ಬರುವ ಅಪಾಯವಿದೆ. ಬುಷ್‌ನ ಮೇಲ್ತುದಿಯಲ್ಲಿ ಒಂದು ಅಂಚು ಇದ್ದು ಅದು ಕೆಳಕ್ಕೆ ಜಾರದಂತೆ ತಡೆಯುತ್ತದೆ, ಕೂರಿಸುವ ಉಪಕರಣವು ಅದರ ತಳವನ್ನು ಹಿಗ್ಗಿಸಿ ಮೇಲಕ್ಕೆ ಬಾರದಂತೆ ಬಂಧಿಸುತ್ತದೆ. ಪ್ಲಗ್ ರಂಧ್ರಕ್ಕೆ ನಾನು ಬುಷ್ಷನ್ನೇ ನಂಬುತ್ತೇನೆ. ನನ್ನ ಪ್ಲಗ್ 14 ಮಿ.ಮೀ. ವ್ಯಾಸ, 1.25 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ), 19 ಮಿ.ಮೀ. ಉದ್ದದ ಥ್ರೆಡ್ ಇರುವಂಥದ್ದು. ಬುಷ್ಷನ್ನೂ ಆ ಉದ್ದಕ್ಕೆ ಸರಿಹೊಂದುವಂತೆಯೇ ಆರಿಸಿದೆ. ಗಿಡ್ಡವಾದರೆ ಪ್ಲಗ್‌ನ ಥ್ರೆಡ್ ದಹನಕೋಣೆಯೊಳಗೆ ಚಾಚಿ ಅದರಲ್ಲಿ ಕರಿ ಕಟ್ಟಿಕೊಳ್ಳುತ್ತದೆ, ಉದ್ದವಾದರೆ ಬುಷ್‌ನ ತುದಿಯೇ ಒಳಗೆ ಚಾಚಿ ವಿಪರೀತ ಬಿಸಿಯಾಗುತ್ತದೆ.

ಹೆಡ್ ಬಿಚ್ಚದೆ ಕೆಲಸ ಮಾಡಲು ನಿರ್ಧರಿಸಿದ್ದರಿಂದ ಲೋಹದ ಚೂರುಗಳು ಸಿಲಿಂಡರ್‌ಗೆ ಬೀಳುವುದೇ ನನ್ನ ದೊಡ್ಡ ಚಿಂತೆಯಾಗಿತ್ತು. ಅಲ್ಯೂಮಿನಿಯಂ ಆದ್ದರಿಂದ ಅಯಸ್ಕಾಂತ ಇಟ್ಟು ಎತ್ತುವ ಹಾಗೂ ಇರಲಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿ ಕಳಚಿ, ಉಳಿದ ಮೂರು ಪ್ಲಗ್‌ಗಳನ್ನೂ ತೆಗೆದು, ಮೂರನೆಯ ರಂಧ್ರಕ್ಕೆ ಬೆರಳೊತ್ತಿ ಹಿಡಿದು ಪಿಸ್ಟನ್‌ಗಳನ್ನು ಆಡಿಸುವ ದಂಡದ ತುದಿಯ ಕ್ರ್ಯಾಂಕ್ ಬೋಲ್ಟನ್ನು ರೆಂಚ್‌ನಿಂದ ತಿರುಗಿಸಿದೆ. ಗಾಳಿಯ ಒತ್ತಡ ಬೆರಳಿಗೆ ತಾಗಿ ಪಿಸ್ಟನ್ ಮೇಲಕ್ಕೆ ಬಂದ ನಂತರ, ಅದೇ ದಿಕ್ಕಿನಲ್ಲಿ ಇನ್ನಷ್ಟು ತಿರುಗಿಸಿ ಅದನ್ನು ಅರ್ಧದಷ್ಟು ಕೆಳಗಿಳಿಸಿದೆ. ಈ ಹಂತದಲ್ಲಿ ಗಾಳಿ ಬರುವ, ಹೊಗೆ ಹೋಗುವ ಎರಡೂ ಬಗೆಯ ವಾಲ್ವ್‌ಗಳು ಮುಚ್ಚಿರುವುದರಿಂದ ಚೂರು ಅವುಗಳ ಸೀಟಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಥ್ರೆಡ್ ಕೊರೆಯುವ ಟ್ಯಾಪ್ ಪಿಸ್ಟನ್‌ಗೆ ತಾಗುವುದೂ ಇಲ್ಲ.

ಬುಷ್ ಕಿಟ್‌ನ ಟ್ಯಾಪಿನ ಮುಂತುದಿಯಲ್ಲಿ ರಂಧ್ರ ಹಿಗ್ಗಿಸುವ ರೀಮರ್ ಇದ್ದು, ಅದರ ಹಿಂದೆ ದೊಡ್ಡ ಥ್ರೆಡ್ ಕೊರೆಯುವ ಭಾಗವಿತ್ತು. ಗುಂಡಿ ಆಳವಾಗಿದ್ದರಿಂದ ಟ್ಯಾಪ್ ಓರೆಯಾಗುವ ಭಯವಿತ್ತು. ಎಕ್ಸ್‌ಟೆನ್ಷನ್ ರಾಡ್‌ಗೆ ಟೇಪ್ ಸುತ್ತಿ ಗುಂಡಿಯ ಗೋಡೆಗೆ ಹದವಾಗಿ ತಾಗುವಷ್ಟು ದಪ್ಪ ಮಾಡಿದ್ದೇ ನನಗೆ ಮಾರ್ಗದರ್ಶಿಯಾಯಿತು. ಟ್ಯಾಪಿನ ತೋಡುಗಳಿಗೆ ಗ್ರೀಸ್ ತುಂಬಿ, ಅರ್ಧ ಸುತ್ತು ಮುಂದಕ್ಕೆ ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತ, ಎರಡೆರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ ಹೊಸ ಗ್ರೀಸ್ ತುಂಬಿದೆ. ಇಲ್ಲಿ ಅವಸರ ಮಾಡುವಂತಿಲ್ಲ. ನನಗೆ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಸೀಟ್ ಕಟರ್‌ನಿಂದ ಬುಷ್‌ನ ಅಂಚಿಗೆ ಜಾಗ ಮಾಡಿದೆ.

ತೆಳು ಕೊಳವೆಯನ್ನು ವ್ಯಾಕ್ಯೂಮ್ ಕ್ಲೀನರ್‌ಗೆ ಸೇರಿಸಿ ಒಳಗನ್ನು ಹೀರಿ, ಎಂಡೋಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದಾಗ ಪಿಸ್ಟನ್ ಮೇಲೆ ಇನ್ನೂ ಎರಡು ಚೂರು ಹೊಳೆಯುತ್ತಿದ್ದವು. ಗ್ರೀಸ್ ಹಚ್ಚಿದ ಕಡ್ಡಿಯಿಂದ ಅವನ್ನು ಅಂಟಿಸಿ ಎತ್ತಿದೆ. ನಂತರ ಥ್ರೆಡ್‌ನ ಎಣ್ಣೆಯನ್ನು ದ್ರಾವಕದಿಂದ ಒರೆಸಿ, ಹೆಚ್ಚಿನ ಶಾಖ ತಾಳುವ ಥ್ರೆಡ್ ಲಾಕರ್ ಅಂಟು ಹಚ್ಚಿ, ಕೂರಿಸುವ ಉಪಕರಣವಾದ ಡ್ರೈವರ್‌ಗೆ ಎಣ್ಣೆ ಸವರಿ ಅದರಿಂದ ಬುಷ್ ಕೂರಿಸಿದೆ. ಕೊನೆಯಲ್ಲಿ ಡ್ರೈವರ್ ಬಿಗಿಯಾಗಿ ನಿಂತು ಮತ್ತೆ ಸಡಿಲವಾದಾಗ ತಳ ಹಿಗ್ಗಿತೆಂದು ಗೊತ್ತಾಯಿತು.

ಲಾಕರ್ ಒಣಗಲು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೊಸ ಪ್ಲಗ್ಗನ್ನು ರಬ್ಬರ್ ಕೊಳವೆಯ ತುದಿಗೆ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿದೆ. ಹೀಗೆ ಮಾಡಿದರೆ ಥ್ರೆಡ್ ಓರೆ ಹಿಡಿದ ಕೂಡಲೇ ಕೊಳವೆ ಜಾರುತ್ತದೆ, ಹಾನಿಯಾಗುವುದಿಲ್ಲ. ಈ ಸಲ ಪೇಸ್ಟ್ ಹಚ್ಚದೆ, ಕೈಪಿಡಿಯಲ್ಲಿರುವಂತೆ 25 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿದೆ. ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್‌ನಲ್ಲಿ ಮೂರನೇ ಸಿಲಿಂಡರ್ ಉಳಿದವುಗಳ ಸಮಕ್ಕೆ ಬಂತು, ಟಿಕ್ ಸದ್ದು ನಿಂತಿತು. ಎರಡು ಸಾವಿರ ಕಿಲೋಮೀಟರ್ ಓಡಿದ ಮೇಲೆ ತಣ್ಣನೆಯ ಎಂಜಿನ್‌ನಿಂದ ಆ ಪ್ಲಗ್ಗನ್ನು ತೆಗೆದು ನೋಡಿದೆ. ಬುಷ್ ಅಲುಗಿರಲಿಲ್ಲ, ಎಲೆಕ್ಟ್ರೋಡ್‌ನ ಬಣ್ಣವೂ ಉಳಿದ ಮೂರರಂತೆಯೇ ತಿಳಿ ಕಂದಾಗಿತ್ತು.